ಅತ್ತೆ ಇಳಿದರೆ ಮಳೆ

ನಮ್ಮೂರಿನಲ್ಲಿ ಹವೆ ವಾರ್ಡುವಾರು. ಮೇಲುಪೇಟೆಯ ಮಳೆ ಮೇಲುಪೇಟೆಗೆ, ಕೆಳಪೇಟೆಯ ಬಿಸಿಲು ಕೆಳಪೇಟೆಗೆ, ಕೆರೆಬದಿಯ ಮಂಜು ಕೆರೆಬದಿಗೆ. ಆಯಾ ವಾರ್ಡಿನ ಕಂಪ್ಯೂಟರಿನಲ್ಲಿ ಬೆಳಿಗ್ಗೆ ಏನು ಬರೆಯುತ್ತಾರೋ, ಹೊರಗೆ ಆಕಾಶ ಅದನ್ನು ಮಾಡಿ ತೋರಿಸುತ್ತದೆ. ಬೇರೆ ಊರುಗಳಲ್ಲಿ ಮೊದಲು ಮಳೆ ಬಂದು ಆಮೇಲೆ ಕಂಪ್ಯೂಟರಿಗೆ ಗೊತ್ತಾಗುತ್ತದಂತೆ. ಅದು ಅವರವರ ಪದ್ಧತಿ, ನಾವ್ಯಾಕೆ ಆಡಿಕೊಳ್ಳೋಣ.

ನಡುಬೀದಿಯ ಎಡಗಡೆ ಮೇಲುಪೇಟೆಗೆ ಸೇರಿದ್ದು, ಬಲಗಡೆ ಕೆಳಪೇಟೆಗೆ. ಅಲ್ಲಿನ ಹೆಂಗಸರು ಒಂದು ಬದಿಯಲ್ಲಿ ಬಟ್ಟೆ ಹಿಂಡಿ ಇನ್ನೊಂದು ಬದಿಯಲ್ಲಿ ಒಣಹಾಕುತ್ತಾರೆ. ಸೆಕೆ ಇರುವ ಬದಿಯಲ್ಲಿ ಐಸ್‌ಕ್ಯಾಂಡಿ ಗಾಡಿ ನಿಲ್ಲುತ್ತದೆ, ಎದುರಿಗೆ ಜಿಟಿಜಿಟಿ ಮಳೆಯಲ್ಲಿ ಬೋಂಡದ ಗಾಡಿ. ಇಬ್ಬರೂ ಅಣ್ಣತಮ್ಮಂದಿರು, ವ್ಯಾಪಾರ ಮುಗಿದ ಮೇಲೆ ಬೀದಿಯ ಮಧ್ಯೆ ಒಂದು ಭುಜ ನೆನೆಸಿಕೊಂಡು, ಇನ್ನೊಂದು ಭುಜ ಸುಟ್ಟುಕೊಂಡು ಹರಟುತ್ತಾರೆ.

ನಾನು ಪುರಸಭೆಯ ಹವಾ ಗುಮಾಸ್ತ, ಓಂಕಾರಪ್ಪ. ಮೂರು ವಾರ್ಡಿನ ಕಂಪ್ಯೂಟರ್ ಕೋಣೆಗಳ ಬೀಗದಕೈ ಇಟ್ಟುಕೊಳ್ಳುವುದು ಮತ್ತು ಮೂರು ವಾರ್ಡಿನವರಿಂದಲೂ ಬೈಸಿಕೊಳ್ಳುವುದು ನನ್ನ ಕೆಲಸ. ಬೀಗದಕೈ ಕೆಲಸ ಬೇಗ ಮುಗಿಯುತ್ತದೆ.

ತೊಂದರೆ ಶುರುವಾದದ್ದು ಹೊಗೆಯಿಂದ. ನಮ್ಮ ಗಾಳಿ ವಾರ್ಡಿನ ಗಡಿಗೆ ಬಂದು ಗಕ್ಕನೆ ನಿಲ್ಲುತ್ತದೆ, ಆಚೆ ಹೋಗುವುದಿಲ್ಲ. ಹಾಗಾಗಿ ಕೆಳಪೇಟೆಯ ಇಟ್ಟಿಗೆ ಗೂಡುಗಳ ಹೊಗೆ ಕೆಳಪೇಟೆಯಲ್ಲೇ ಸುತ್ತುತ್ತಿತ್ತು. ಅಲ್ಲಿ ಹುಟ್ಟಿದ ಮಕ್ಕಳು ಅಳುವ ಮೊದಲು ಕೆಮ್ಮುತ್ತಿದ್ದವು. ನಮ್ಮ ಅಧ್ಯಕ್ಷೆ ಸೌಭಾಗ್ಯಮ್ಮನವರು ಇದನ್ನು ನೋಡಿ ಒಂದು ಒಳ್ಳೆಯ ಕೆಲಸಕ್ಕೆ ಕೈಹಾಕಿದರು. ಮೂರೂ ಕಂಪ್ಯೂಟರುಗಳ ನಡುವೆ ತಂತಿ ಎಳೆಸಿ, ಒಂದು ವಾರ್ಡಿನ ಗಾಳಿ ಇನ್ನೊಂದಕ್ಕೆ ದಾಟಲಿ, ಹೊಗೆ ಊರಾಚೆ ಹೋಗಲಿ ಎಂದರು. ಒಳ್ಳೆಯ ಕೆಲಸಕ್ಕೆ ಒಳ್ಳೆಯ ದಿನ ಬೇಕಲ್ಲ, ತಮ್ಮನ ಮದುವೆಯ ದಿನವೇ ಉದ್ಘಾಟನೆ ಇಟ್ಟುಕೊಂಡರು. ಮದುವೆ ನಡುಬೀದಿಯಲ್ಲಿ, ಶಾಮಿಯಾನದ ಕೆಳಗೆ.

ಮೂರು ವಾರ್ಡಿನ ಪ್ರೋಗ್ರಾಮುಗಳನ್ನು ಬರೆದವರು ಮೂರು ಜನ, ಮೂವರೂ ಒಬ್ಬರನ್ನೊಬ್ಬರು ಕೇಳಿ ಬರೆದವರಲ್ಲ. ಪ್ರೋಗ್ರಾಮಿನೊಳಗೆ ಗಾಳಿ, ಮಳೆ, ಸೆಕೆಗೆಲ್ಲ ಒಂದೊಂದು ಹೆಸರಿಡಬೇಕು, ವೇರಿಯಬಲ್ ಅಂತಾರೆ. ಅವನ್ನು ಅವರವರಿಗೆ ತೋಚಿದಂತೆ ಇಟ್ಟುಕೊಂಡಿದ್ದರು. ತಂತಿ ಎಳೆದವನಿಗೆ ಯಾವುದನ್ನು ಯಾವುದಕ್ಕೆ ಸೇರಿಸಬೇಕೆಂದು ತಿಳಿಯಲಿಲ್ಲ. ಪಾಪ, ಮೊದಲ ಅಕ್ಷರ ನೋಡಿ ಜೋಡಿಸಿದ. ಮೇಲುಪೇಟೆಯ ‘ಗಂಧವಹದಿಕ್ಕು’ ಕೆಳಪೇಟೆಯ ‘ಗಾ’ಗೆ ಸೇರಿತು. ಎರಡೂ ಗಾಳಿಯ ದಿಕ್ಕೇ, ಅದರಲ್ಲಿ ತಪ್ಪಿಲ್ಲ. ಆದರೆ ಪೂರ್ವ ಅಂತ ಬರೆದರೆ ಮೇಲುಪೇಟೆಯಲ್ಲಿ ಗಾಳಿ ಪೂರ್ವದಿಂದ ಬಂತು ಎಂದರ್ಥ, ಕೆಳಪೇಟೆಯಲ್ಲಿ ಪೂರ್ವಕ್ಕೆ ಹೊರಟಿತು ಎಂದರ್ಥ. ಅಧ್ಯಕ್ಷೆ ಗುಂಡಿ ಒತ್ತಿದರು. ಎರಡು ಗಾಳಿ ನಡುಬೀದಿಯಲ್ಲಿ ಮುಖಾಮುಖಿಯಾದವು. ಶಾಮಿಯಾನ ಎದ್ದಿತು. ಅದರ ಹಗ್ಗ ಹಿಡಿದಿದ್ದವನು ಮದುವೆ ಹೆಣ್ಣಿನ ಸೋದರಮಾವ, ಮರ್ಯಾದೆಯ ಮನುಷ್ಯ, ಹಗ್ಗ ಬಿಡಲಿಲ್ಲ. ಕೆರೆಯ ಜೊಂಡಿನಲ್ಲಿ ಇಳಿದವನನ್ನು ಎತ್ತಿ ತರುವಾಗ, ಮೇಲಿಂದ ನೋಡಿದರೆ ಊರು ಪರವಾಗಿಲ್ಲ ಎಂದನಂತೆ. ಅಷ್ಟರಲ್ಲಿ ಮೇಲುಪೇಟೆಯ ‘ತೇವಾಂಶ’ ಕೆಳಪೇಟೆಯ ‘ತೇ’ಗೆ ದಾಟಿತು. ಒಂದು ಕಡೆ ಅದು ಗಾಳಿಯಲ್ಲಿ ಶೇಕಡಾ ಎಷ್ಟು ಪಸೆ ಅಂತ, ಇನ್ನೊಂದು ಕಡೆ ಎಷ್ಟು ಮಿಲಿಮೀಟರ್ ಮಳೆ ಅಂತ. ಶೇಕಡಾ ಲೆಕ್ಕವೆಲ್ಲ ಮಳೆಯಾಗಿ ಸುರಿಯಿತು. ಅಡುಗೆಯವರು ಹೇಳುವ ಪ್ರಕಾರ ಸಾರು ಕೊಪ್ಪರಿಗೆ ತುಂಬಿ ಹರಿದು ಚರಂಡಿಗೆ ಸೇರಿದ ಮೇಲೂ ಖಾರವಾಗೇ ಇತ್ತು.

ತಂತಿ ಕಿತ್ತು ಹಾಕಿದರು. ಮಾರನೆಯ ದಿನ ಅಧ್ಯಕ್ಷೆ ನನ್ನನ್ನು ಕರೆಸಿದರು. “ಓಂಕಾರಪ್ಪ, ಮೂರು ಜನರನ್ನೂ ಕೂರಿಸು. ಗಾಳಿಗೆ ಒಂದು ಹೆಸರು, ಮಳೆಗೆ ಒಂದು ಹೆಸರು. ಮೂರೂ ಕಡೆ ಅದೇ ಇರಬೇಕು. ಆಮೇಲೆ ತಂತಿ.”

“ಅವರು ಒಪ್ಪದಿದ್ದರೆ?”

“ಬೀಗರು ಇನ್ನೂ ನಮ್ಮನೇಲೇ ಇದ್ದಾರೆ. ಅವರ ಜೊತೆ ನೀನು ಮಾತಾಡ್ತೀಯಾ, ಅಥವಾ ಇವರ ಜೊತೆ ಮಾತಾಡ್ತೀಯಾ?”

ಇವರ ಜೊತೆ ಮಾತಾಡಲು ಹೊರಟೆ.

ಮೇಲುಪೇಟೆಯ ಪ್ರೋಗ್ರಾಂ ಬರೆದವರು ಪದ್ಮನಾಭಯ್ಯ ಮೇಷ್ಟ್ರು, ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತರಾದವರು. ಕೆಳಪೇಟೆಯದು ಖಲಂದರ್ ಸಾಬರದು, ರೇಡಿಯೋ ಟಿವಿ ರಿಪೇರಿ ಅಂಗಡಿ ಇಟ್ಟವರು. ಕೆರೆಬದಿಯದು ಮರುಳಮ್ಮ ಟೀಚರದು. ಅವರು ಅಲ್ಲಿನ ಶಾಲೆಯ ಗಣಿತದ ಟೀಚರ್, ಗಂಡ ತೀರಿಕೊಂಡಿದ್ದರು, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಹಾಲಮ್ಮ. ಮೂವರನ್ನೂ ಪುರಸಭೆಯ ಸಭಾಂಗಣದಲ್ಲಿ ಕೂರಿಸಿ ಕಾಫಿ ತರಿಸಿದೆ. ಕಾಫಿಗೆ ಸಕ್ಕರೆ ಬೇಕೋ ಬೇಡವೋ ಎಂಬುದರಲ್ಲೇ ಮೂರು ಅಭಿಪ್ರಾಯ ಬಂತು.

ಮೇಷ್ಟ್ರು ತಮ್ಮ ಹೆಸರುಗಳನ್ನು ಓದಿದರು. ‘ಭೂಪೃಷ್ಠಸಮೀಪವಾಯುಮಂಡಲೀಯತಾಪಮಾನ.’

“ಆಯ್ತಾ?” ಎಂದರು ಖಲಂದರ್ ಸಾಬರು. “ಇನ್ನೂ ಇದೆಯಾ? ಇದನ್ನ ಟೈಪ್ ಮಾಡೋ ಹೊತ್ತಿಗೆ ಬೇಸಿಗೆ ಮುಗಿದಿರುತ್ತಲ್ರೀ.”

“ಹೆಸರು ಕೇಳಿದರೆ ಅರ್ಥ ತಿಳಿಯಬೇಕು ಸಾಬರೇ. ನಿಮ್ಮ ಹಾಗೆ ಗ, ಗಾ, ಗಿ, ಗೀ ಅಂತ ಬರೆದರೆ ಶಿಶುವಿಹಾರ ಆಗುತ್ತೆ. ಹೇಳಿ ನೋಡೋಣ, ಗೀ ಅಂದರೆ ಏನು?”

ಸಾಬರು ಬೆರಳು ಮಡಚಿ ಎಣಿಸಿದರು. “ಗ ಅಂದ್ರೆ ಗಾಳಿಯ ಜೋರು. ಗಾ ದಿಕ್ಕು. ಗಿ ಸುಂಟರಗಾಳಿ. ಗೀ ಏನು ಅಂತ ನೆನಪಿಲ್ಲ. ಆದ್ರೆ ತೆಗೆದ್ರೆ ಸೂರ್ಯ ಹುಟ್ಟಲ್ಲ, ಒಂದ್ಸಲ ನೋಡಿದೀನಿ.”

ಮರುಳಮ್ಮ ಟೀಚರು ತಮ್ಮ ಹಾಳೆಯನ್ನು ಮುಂದೆ ತಳ್ಳಿದರು. ಮೇಷ್ಟ್ರು ಕನ್ನಡಕ ಏರಿಸಿ ಓದಿದರು. “ಸೋಮ, ನಾದಿನಿ, ಅಮ್ಮ, ಅತ್ತೆ. ಟೀಚರ್, ಇದು ಲಗ್ನಪತ್ರಿಕೆಯ ಕರಡು ಇರಬೇಕು.”

“ಪ್ರೋಗ್ರಾಮೇ ಅದು. ಸೋಮ ನನ್ನ ತಮ್ಮ. ಮೂಗಿನ ತುದೀಲಿ ಸಿಟ್ಟು, ಅದಕ್ಕೇ ಸೆಕೆಗೆ ಅವನ ಹೆಸರು. ನಾದಿನಿ ಗಾಳಿ. ಯಾವಾಗ ಬರ್ತಾಳೆ, ಯಾವಾಗ ಹೋಗ್ತಾಳೆ, ಏನು ಬೀಳಿಸಿ ಹೋಗ್ತಾಳೆ, ಹೇಳೋಕಾಗಲ್ಲ. ಅಮ್ಮ ಮಳೆ. ಅತ್ತೆ ಒತ್ತಡ.”

“ವಾಯುಭಾರ?”

“ಮೇಲೆ ಕೂತು ಒತ್ತೋದಕ್ಕೆ ಬೇರೆ ಏನಂತ ಹೆಸರಿಡ್ಲಿ?”

ಒಂದು ಸಾಲು ಹೀಗಿತ್ತು: ಅತ್ತೆ ಇಳಿದರೆ ಅಮ್ಮ ಬರಲಿ. ಒತ್ತಡ ಇಳಿದರೆ ಮಳೆ ಬರಲಿ ಎಂದರ್ಥ. ಮೇಷ್ಟ್ರು ಅದನ್ನು ಓದಿ, ತಡೆಯಲಾರದೆ ನಕ್ಕುಬಿಟ್ಟರು. ವಿಜ್ಞಾನದ ಪ್ರಕಾರ ಅದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ನಕ್ಕ ಮೇಲೆ ಕೆಲಸ ಸ್ವಲ್ಪ ಸಲೀಸಾಯಿತು. ಜಗಳ ನಿಲ್ಲಲಿಲ್ಲ, ಆದರೆ ಜಗಳದ ಮಧ್ಯೆ ಒಂದೊಂದು ಹೆಸರು ಹುಟ್ಟತೊಡಗಿತು. ಮೇಷ್ಟ್ರು ಸಂಸ್ಕೃತದ ಬಾಲ ಕತ್ತರಿಸಿದರು, ಸಾಬರು ಒಂದಕ್ಷರಕ್ಕೆ ಇನ್ನೆರಡು ಅಕ್ಷರ ಸೇರಿಸಲು ಒಪ್ಪಿದರು. ಮದುವೆ ಕೆಡಿಸಿದ ಗಾಳಿದಿಕ್ಕಿಗೆ ಏನು ಮಾಡುವುದೆಂದು ಗುದ್ದಾಡಿ, ಕೊನೆಗೆ ‘ಗಾಳಿ ಎಲ್ಲಿಂದ’ ಎಂದೇ ಹೆಸರಿಟ್ಟರು. ಹೆಸರಿನಲ್ಲೇ ಪ್ರಶ್ನೆ ಇದ್ದರೆ ಉತ್ತರ ತಪ್ಪುವುದಿಲ್ಲ ಎಂದು. ಅದು ಯಾರ ಸಲಹೆ ಎಂದು ಕೇಳಿದರೆ ಈಗ ಮೂವರೂ ‘ನನ್ನದು’ ಅನ್ನುತ್ತಾರೆ. ಸೋಮ ‘ತಾಪ’ ಆದ. ಅಮ್ಮ ‘ಮಳೆ’ ಆದಳು. ನಾದಿನಿ ‘ಗಾಳಿ ಜೋರು’ ಆದಳು, ಮರುಳಮ್ಮನವರಿಗೆ ಅದರಿಂದ ದುಃಖವಾದಂತೆ ಕಾಣಲಿಲ್ಲ.

ಅತ್ತೆಯ ಹತ್ತಿರ ಬಂದಾಗ ಟೀಚರು ಕೈಕಟ್ಟಿದರು. “ಅದೊಂದು ಬಿಟ್ಟು ಬೇರೆ ಏನು ಬೇಕಾದ್ರೂ ಬದಲಾಯಿಸಿ.”

“ಯಾಕೆ?” ಎಂದರು ಮೇಷ್ಟ್ರು.

“ಹೇಳಲ್ಲ.”

ವಾರಗಟ್ಟಲೆ ಕೇಳಿದೆವು, ಹೇಳಲಿಲ್ಲ. ಅತ್ತೆಯ ಮೇಲೆ ಅಷ್ಟೊಂದು ಪ್ರೀತಿಯಿರಬೇಕು ಎಂದರು ಸಾಬರು. ಅವರು ಕೆಳಪೇಟೆಯವರು, ಆ ಮನೆಯ ಮುಂದೆ ಹಾದುಹೋದವರಲ್ಲ. ಹಾಲಮ್ಮನಿಗೂ ಮರುಳಮ್ಮನವರಿಗೂ ಮಾತುಕತೆ ಹೆಚ್ಚಿರಲಿಲ್ಲ. ಸೊಸೆ ಮಾಡಿಟ್ಟದ್ದನ್ನು ಅತ್ತೆ ತಿನ್ನುತ್ತಿದ್ದರು, ತಿಂದು ಮುಖ ಕಿವುಚುತ್ತಿದ್ದರು. ಸೊಸೆ ತುಟಿ ಬಿಗಿದುಕೊಂಡು ತಟ್ಟೆ ಎತ್ತುತ್ತಿದ್ದರು. ಜಗಳವಾದರೂ ಆಡಬಾರದೇ ಎಂದು ಪಕ್ಕದ ಮನೆಯ ಗಿರಿಯಪ್ಪನಿಗೆ ಎಷ್ಟೋ ಸಲ ಅನ್ನಿಸಿತ್ತಂತೆ.

ಇತ್ತ ಕೆಳಪೇಟೆಯಲ್ಲಿ ಹೊಗೆ ದಟ್ಟವಾಗುತ್ತಿತ್ತು. ಸಾಬರ ಹೆಂಡತಿ ಮೂರು ದಿಂಬು ಪೇರಿಸಿ ಕೂತೇ ನಿದ್ದೆ ಮಾಡುತ್ತಿದ್ದಾರೆ ಎಂದು ಕೇಳಿ ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ನನ್ನ ಮನೆಗೆ ಬಂದು, “ಕೆರೆಬದಿಯ ಬೀಗದಕೈ ಕೊಡಪ್ಪ, ಸುಮ್ಮನೆ ಒಂದು ಸಲ ಓದಿ ಬರ್ತೀನಿ” ಎಂದರು. ಮೇಷ್ಟ್ರು ಓದುತ್ತೇನೆ ಎಂದರೆ ಬೇಡ ಎನ್ನುವುದು ಹೇಗೆ, ಕೊಟ್ಟೆ. ಅವರು ಹೋಗಿ, ಕಂಪ್ಯೂಟರಿಗೆ ಅಪ್ಪಣೆ ಕೊಟ್ಟು, ಇಡೀ ಪ್ರೋಗ್ರಾಮಿನಲ್ಲಿ ಸೋಮ ಇದ್ದಲ್ಲೆಲ್ಲ ತಾಪ, ನಾದಿನಿ ಇದ್ದಲ್ಲೆಲ್ಲ ಗಾಳಿ ಜೋರು, ಅಮ್ಮ ಇದ್ದಲ್ಲೆಲ್ಲ ಮಳೆ, ಅತ್ತೆ ಇದ್ದಲ್ಲೆಲ್ಲ ಒತ್ತಡ ಎಂದು ಒಂದೇ ಏಟಿಗೆ ಬದಲಾಯಿಸಿ, ಬಾಗಿಲು ಹಾಕಿಕೊಂಡು ಬಂದರು.

ಮಾರನೆಯ ಬೆಳಿಗ್ಗೆ ಮರುಳಮ್ಮ ಟೀಚರು ಅಂಕಿ ತುಂಬಲು ಕೂತರೆ, ಅತ್ತೆ ಇಲ್ಲ. ಕುರ್ಚಿ ಒದ್ದು ಎದ್ದು ಮನೆಗೆ ಹೋಗಿ ಕದ ಹಾಕಿಕೊಂಡರು. ಅಂಕಿ ತುಂಬದಿದ್ದರೆ ಕಂಪ್ಯೂಟರ್ ಹಿಂದಿನ ದಿನದ ಅಂಕಿ ಹಿಡಿದು ತನ್ನಷ್ಟಕ್ಕೆ ಓಡಬೇಕಿತ್ತು, ಓಡಲಿಲ್ಲ. ಕೆರೆಬದಿಯಲ್ಲಿ ಅಂದು ಹವೆಯೇ ಇಲ್ಲ.

ಬರೀ ಗಾಳಿಯಿಲ್ಲ, ಬರೀ ಬಿಸಿಲಿಲ್ಲ ಅಂತಲ್ಲ. ಏನೂ ಇರಲಿಲ್ಲ. ಬೆಳಕಿತ್ತು, ಅದಕ್ಕೆ ಬಿಸಿಯಿರಲಿಲ್ಲ, ತಂಪೂ ಇರಲಿಲ್ಲ. ಒಲೆಯ ಹೊಗೆ ಒಲೆಯ ಬಾಯಲ್ಲೇ ನಿಂತಿತ್ತು, ಕೈಯಿಂದ ಸರಿಸಿ ಅನ್ನ ಇಳಿಸಬೇಕಾಯಿತು. ಮೊದಮೊದಲು ಜನ ಖುಷಿಪಟ್ಟರು. ರಂಗೋಲಿ ಹಾರುವುದಿಲ್ಲ, ಬೆಂಕಿಕಡ್ಡಿ ಆರುವುದಿಲ್ಲ. ಆಮೇಲೆ ಒಬ್ಬೊಬ್ಬರಿಗೇ ತಲೆ ಸುತ್ತತೊಡಗಿತು. ನೀವು ಬಿಟ್ಟ ಉಸಿರು ನಿಮ್ಮ ಮೂಗಿನ ಮುಂದೆಯೇ ನಿಲ್ಲುತ್ತಿತ್ತು, ಅದನ್ನೇ ಮತ್ತೆ ಎಳೆದುಕೊಳ್ಳಬೇಕು. ಹೊಸ ಗಾಳಿ ಬೇಕಾದರೆ ನೀವೇ ಮುಂದೆ ನಡೆಯಬೇಕು. ಬೇರೆ ದಾರಿಯಿಲ್ಲದೆ ಇಡೀ ಕೆರೆಬದಿ ನಡೆಯತೊಡಗಿತು. ಚಹದ ಅಂಗಡಿಯವನು ಕೆಟಲ್ ಹಿಡಿದು ನಡೆಯುತ್ತಿದ್ದ, ಗಿರಾಕಿಗಳು ಪಕ್ಕದಲ್ಲಿ ನಡೆಯುತ್ತಾ ಕುಡಿಯುತ್ತಿದ್ದರು. ಕ್ಷೌರದವನು ಹಿಂದಿನಿಂದ ಕತ್ತರಿ ಆಡಿಸುತ್ತಾ ಒಬ್ಬನನ್ನು ಹಿಂಬಾಲಿಸುತ್ತಿದ್ದ.

ನಾನು ಸುದ್ದಿ ಕೇಳಿ ಮೇಷ್ಟ್ರನ್ನೂ ಸಾಬರನ್ನೂ ಕರೆದುಕೊಂಡು ಓಡಿದೆ. ದಾರಿಯಲ್ಲೇ ಮೇಷ್ಟ್ರು ಮಾಡಿದ್ದನ್ನು ಹೇಳಿದರು. ಸಾಬರು ನೇರ ಶಾಲೆಯ ಪಕ್ಕದ ಕಂಪ್ಯೂಟರ್ ಕೋಣೆಗೆ ಹೋದರು, ನಾವಿಬ್ಬರು ಟೀಚರ ಮನೆಗೆ. ನಡೆಯಲಾಗದವರ ಗತಿ ಏನು ಎಂಬುದು ಅಲ್ಲಿ ಹೋದಾಗ ಹೊಳೆಯಿತು. ಹಾಲಮ್ಮ ಮಂಚದ ಮೇಲೆ ನೀಲಿ ತುಟಿ ಮಾಡಿಕೊಂಡು ಮಲಗಿದ್ದರು. ಮರುಳಮ್ಮ ಟೀಚರು ಮೊರದಿಂದ ಬೀಸುತ್ತಿದ್ದರು, ಬೀಸಿದಷ್ಟೂ ಅದೇ ಗಾಳಿ ಕೋಣೆಯೊಳಗೆ ಸುತ್ತುತ್ತಿತ್ತು.

“ಮಂಚ ಎತ್ತಿ” ಎಂದರು ಮೇಷ್ಟ್ರು. “ಹೊತ್ಕೊಂಡು ನಡೆಯೋಣ.”

ನಾನು, ಮೇಷ್ಟ್ರು, ಗಿರಿಯಪ್ಪ, ಅವನ ಹೆಂಡತಿ, ನಾಲ್ಕು ಜನ ನಾಲ್ಕು ಕಾಲಿಗೆ ಹೆಗಲು ಕೊಟ್ಟೆವು. ಬೀದಿಗೆ ಬಂದಾಗ ಹಾಲಮ್ಮ ಕಣ್ಣು ಬಿಟ್ಟರು. ನಾಲ್ಕು ಜನ ಹೊತ್ತಿದ್ದಾರೆ, ಹಿಂದೆ ಸೊಸೆ ಅಳುತ್ತಾ ಬರುತ್ತಿದ್ದಾಳೆ, ಬೀದಿಯವರು ದಾರಿ ಬಿಡುತ್ತಿದ್ದಾರೆ.

“ಲೇ, ನಾನಿನ್ನೂ ಸತ್ತಿಲ್ಲ ಕಣ್ರೋ!”

ಆ ಕೂಗಿನಲ್ಲಿ ಉಸಿರಿತ್ತು. ನಡೆದಷ್ಟೂ ಹೊಸ ಗಾಳಿ ಸಿಗುತ್ತಿತ್ತು, ಅವರ ತುಟಿಗೆ ಬಣ್ಣ ಬರುತ್ತಿತ್ತು. ನಿಂತರೆ ಮತ್ತೆ ನೀಲಿ. ಕಂಪ್ಯೂಟರ್ ಕೋಣೆಯ ಬಳಿ ಬಂದಾಗ ಸಾಬರು ಕಿಟಕಿಯಿಂದ ಕೂಗಿದರು. “ಟೀಚರಮ್ಮ, ನಿಮ್ಮ ಪ್ರೋಗ್ರಾಂ ನಂಗೆ ಅರ್ಥ ಆಗ್ತಿಲ್ಲ, ಒಳಗೆ ಬನ್ನಿ!”

ಮರುಳಮ್ಮ ಟೀಚರು ಮಂಚದ ಪಟ್ಟಿ ಬಿಡಲಿಲ್ಲ. ಅತ್ತೆ ಅವರ ಕೈಯನ್ನು ಕಿತ್ತು ಹಾಕಿದರು. “ಹೋಗೇ. ನೀನು ಹಿಡ್ಕೊಂಡ್ರೆ ನಂಗೆ ಉಸಿರು ಬರುತ್ತಾ?”

ಅವರು ಒಳಗೆ ಹೋದರು. ನಾವು ಮಂಚ ಹೊತ್ತು ಆ ಕೋಣೆಯನ್ನು ಸುತ್ತತೊಡಗಿದೆವು. ಕಿಟಕಿಯ ಹತ್ತಿರ ಬಂದಾಗ ಒಂದು ಮಾತು ಕೇಳುವುದು, ಮತ್ತೆ ಸುತ್ತಿ ಬರುವಾಗ ಉತ್ತರ.

“ಮೇಷ್ಟ್ರೇ, ಅತ್ತೇನ ಯಾಕ್ರೀ ತೆಗೆದ್ರಿ?” ಎಂದು ಒಳಗಿಂದ ಟೀಚರು.

ಮಂಚದ ಮೇಲಿಂದ ಹಾಲಮ್ಮ, “ಯಾವ ಅತ್ತೇನ?”

ಹಿಂದಿನ ಗೋಡೆ ಸುತ್ತಿ ಬಂದೆವು. “ನಿಮ್ಮನ್ನೇ!” ಎಂದರು ಟೀಚರು. “ಕಂಪ್ಯೂಟರಲ್ಲಿ ಒತ್ತಡಕ್ಕೆ ನಿಮ್ಮ ಹೆಸರಿಟ್ಟಿದ್ದೆ!”

ಹಾಲಮ್ಮ ಅರ್ಧ ಸುತ್ತು ಯೋಚಿಸಿದರು. ಮುಂದಿನ ಸಲ ಕಿಟಕಿಗೆ ಬಂದಾಗ ಕೇಳಿದರು. “ನಾನು ಇಳಿದ್ರೆ ಏನಾಗುತ್ತೆ?”

“ಮಳೆ ಬರುತ್ತೆ!”

“ಏರಿದ್ರೆ?”

“ಬಿಸಿಲು!”

“ಮತ್ತೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ? ಊರಿಗೆಲ್ಲ ನಾನೇ ಮಳೆ ಬಿಸಿಲು ಕೊಡ್ತಿದ್ದೆ ಅಂತ ಗೊತ್ತಿದ್ರೆ, ಹೀಗೆ ಬಿದ್ಕೊಂಡಿರ್ತಿದ್ನಾ?”

ಮೇಷ್ಟ್ರು ಏದುಸಿರು ಬಿಡುತ್ತಾ ಕೇಳಿದರು. “ಟೀಚರ್, ಈಗಲಾದ್ರೂ ಹೇಳಿ. ಆ ಹೆಸರು ಬದಲಾಯಿಸೋಕೆ ಯಾಕೆ ಒಪ್ಪಲಿಲ್ಲ?”

ಉತ್ತರಕ್ಕೆ ಒಂದು ಪೂರ್ತಿ ಸುತ್ತು ಬೇಕಾಯಿತು. “ಮನೇಲಿ ಎದುರು ಮಾತಾಡೋ ಹಾಗಿಲ್ಲ. ಬೆಳಿಗ್ಗೆ ಇಲ್ಲಿ ಬಂದು ಕೂತ್ರೆ, ಅತ್ತೇನ ಎಷ್ಟು ಬೇಕೋ ಅಷ್ಟು ಕೆಳಗಿಳಿಸಬಹುದಿತ್ತು. ಅದೊಂದೇ ಸುಖ ಇದ್ದಿದ್ದು ನಂಗೆ!”

ಗಿರಿಯಪ್ಪ ನಡೆಯುತ್ತಲೇ ತಲೆ ತಿರುಗಿಸಿದ. “ಅಂದ್ರೆ, ಹೋದ ವರ್ಷ ನಮ್ಮನೆ ಗೋಡೆ ಬಿತ್ತಲ್ಲ, ಆ ಮಳೆ...”

“ಆವತ್ತು ನನ್ನ ಒಬ್ಬಟ್ಟು ನಾಯಿಗೆ ಹಾಕಿದ್ರು!” ಎಂದರು ಟೀಚರು ಒಳಗಿಂದ.

“ನನ್ನ ಗೋಡೆ ಏನ್ರೀ ಮಾಡಿತ್ತು!” ಎಂದು ಗಿರಿಯಪ್ಪ ಮಂಚ ಬಿಡಲು ಹೋದ. ಅವನ ಹೆಂಡತಿ ಗದರಿದಳು. ಮೊದಲು ಮುದುಕೀನ ಉಳಿಸು, ಆಮೇಲೆ ಗೋಡೆ ಕೇಳು ಎಂದಳು. ಮಂಚ ಒಮ್ಮೆ ವಾಲಿ ಸರಿಹೋಯಿತು. ಅಷ್ಟರಲ್ಲಿ ಹಾಲಮ್ಮನ ಉಸಿರು ಮತ್ತೆ ಸಣ್ಣದಾಗುತ್ತಿತ್ತು. ನಾವು ಸುತ್ತಿ ಸುತ್ತಿ ಅಲ್ಲಿದ್ದ ಗಾಳಿಯನ್ನೆಲ್ಲ ಬಳಸಿ ಮುಗಿಸುತ್ತಿದ್ದೆವು. ಮೇಷ್ಟ್ರ ಕಾಲು ತಡವರಿಸುತ್ತಿತ್ತು, ಆದರೆ ಬೇರೆಯವರು ಬಂದು ಹೆಗಲು ಕೊಡುತ್ತೇವೆಂದರೆ ಒಪ್ಪಲಿಲ್ಲ.

ಒಳಗೆ ಸಾಬರು ಪ್ರೋಗ್ರಾಮನ್ನು ಮೊದಲಿನಿಂದ ಗಟ್ಟಿಯಾಗಿ ಓದುತ್ತಿದ್ದರು, ಟೀಚರು ಹೂಂಗುಟ್ಟುತ್ತಿದ್ದರು. “ವಾರದ ಹೆಸರುಗಳು. ಭಾನುವಾರ. ತಾಪವಾರ. ಮಂಗಳವಾರ.”

“ಏನಂದ್ರಿ?”

“ತಾಪವಾರ.”

ಕಿಟಕಿಯ ಹೊರಗೆ ಮೇಷ್ಟ್ರು ಹಣೆ ಚಚ್ಚಿಕೊಳ್ಳಲು ಕೈ ಎತ್ತಿದರು, ಮಂಚ ಮತ್ತೆ ವಾಲಿತು. ಸೋಮ ಇದ್ದಲ್ಲೆಲ್ಲ ತಾಪ ಎಂದು ಅಪ್ಪಣೆ ಕೊಟ್ಟಿದ್ದರಲ್ಲ, ಕಂಪ್ಯೂಟರ್ ಸೋಮವಾರವನ್ನೂ ಬಿಟ್ಟಿರಲಿಲ್ಲ. ಅಂದು ಸೋಮವಾರ. ಇವತ್ತು ಯಾವ ದಿನ ಎಂದು ತಿಳಿಯದೆ ಅದು ಬೆಳಗಿನಿಂದ ಸುಮ್ಮನೆ ಕೂತಿತ್ತು. ಟೀಚರು ಆ ಒಂದು ಪದ ತಿದ್ದಿ ಪ್ರೋಗ್ರಾಂ ಓಡಿಸಿದರು.

ಮೊದಲು ಶಾಲೆಯ ಗಂಟೆಯ ಹಗ್ಗ ಅಲುಗಿತು. ಆಮೇಲೆ ಕೆರೆಯ ಮೇಲಿಂದ ಗಾಳಿ ಬಂತು, ಕೆಸರು ವಾಸನೆಯ, ತಣ್ಣನೆಯ, ತುಂಬಾ ತುಂಬಾ ಗಾಳಿ. ಹಾಲಮ್ಮನ ಕಂಬಳಿ ಹಾರಿ ಗಿರಿಯಪ್ಪನ ಮುಖಕ್ಕೆ ಸುತ್ತಿಕೊಂಡಿತು. ನಾವು ಮಂಚ ಇಳಿಸಿ ಅದರ ಸುತ್ತ ನೆಲದ ಮೇಲೆ ಕೂತುಬಿಟ್ಟೆವು. ಬೀದಿಯಲ್ಲಿ ನಡೆಯುತ್ತಿದ್ದವರೆಲ್ಲ ನಿಂತಲ್ಲೇ ನಿಂತು ಬಾಯಿ ತೆರೆದುಕೊಂಡಿದ್ದರು. ಕ್ಷೌರದವನ ಗಿರಾಕಿಯ ಅರ್ಧ ತಲೆ ಚೆನ್ನಾಗಿಯೇ ಬಂದಿತ್ತು.

ಮೇಷ್ಟ್ರು ಎದ್ದು ಬಾಗಿಲಲ್ಲಿ ನಿಂತಿದ್ದ ಮರುಳಮ್ಮ ಟೀಚರ ಮುಂದೆ ಕೈಮುಗಿದರು. “ತಪ್ಪಾಯ್ತಮ್ಮ. ಕೇಳದೆ ಕೈಹಾಕಬಾರದಿತ್ತು.”

ಟೀಚರು ಅವರನ್ನು ನೋಡಲಿಲ್ಲ, ಮಂಚದ ಕಡೆ ನೋಡುತ್ತಿದ್ದರು. ಹಾಲಮ್ಮ ಬೆರಳು ಮಡಚಿ ಹತ್ತಿರ ಕರೆದರು.

“ಆ ಹೆಸರು ತೆಗೆದಿದ್ದು ಒಳ್ಳೇದೇ ಆಯ್ತು. ಒತ್ತಡ ಅಂತಾನೇ ಇರ್ಲಿ. ನಿಂಗೆ ನನ್ನ ಮೇಲೆ ಸಿಟ್ಟು ಬಂದ್ರೆ ನನ್ನ ಮುಖಕ್ಕೇ ಅನ್ನು. ಗಿರಿಯಪ್ಪನ ಗೋಡೆ ಮೇಲೆ ಯಾಕೆ ಸುರೀತೀಯ?”

“ಅಂದ್ರೆ ನೀವು ಸುಮ್ಮನಿರ್ತೀರಾ?”

“ನಾನ್ಯಾಕೆ ಸುಮ್ಮನಿರ್ಲಿ? ನಾನೂ ಅಂತೀನಿ.”

ಹೀಗೆ ಒತ್ತಡಕ್ಕೆ ಒತ್ತಡ ಎಂದು ಹೆಸರಾಯಿತು. ಸಾಬರ ‘ಗೀ’ ಮಾತ್ರ ಹಾಗೇ ಉಳಿಯಿತು, ಸೂರ್ಯನ ವಿಷಯದಲ್ಲಿ ಧೈರ್ಯ ಮಾಡಲು ಯಾರೂ ತಯಾರಿರಲಿಲ್ಲ. ಮಳೆಗಾಲಕ್ಕೆ ಮುಂಚೆ ಮತ್ತೆ ತಂತಿ ಎಳೆದರು. ಈ ಸಲ ಮದುವೆ ಇರಲಿಲ್ಲ, ಹಾರ ಇರಲಿಲ್ಲ, ಅಧ್ಯಕ್ಷೆ ಒಂದು ಕಂಬವನ್ನು ಬಿಗಿಯಾಗಿ ಹಿಡಿದುಕೊಂಡು ಗುಂಡಿ ಒತ್ತಿದರು. ಗಾಳಿ ಮೇಲುಪೇಟೆಯಲ್ಲಿ ಹೊರಟು, ನಡುಬೀದಿ ದಾಟಿ, ಕೆಳಪೇಟೆಯ ಹೊಗೆಯನ್ನು ಎತ್ತಿಕೊಂಡು, ಕೆರೆಯ ಮೇಲೆ ಹಾದು ಊರಾಚೆ ಹೋಯಿತು. ಆ ವಾರವೇ ಸಾಬರ ಹೆಂಡತಿ ಎರಡು ದಿಂಬು ತೆಗೆದು ಪಕ್ಕಕ್ಕಿಟ್ಟರು. ದೂರುಗಳು ಬರಲಿಲ್ಲ ಅಂತಲ್ಲ. ನಡುಬೀದಿಯವರಿಗೆ ಬಟ್ಟೆ ಒಣಗಿಸಲು ಎದುರುಗಡೆಯ ಬಿಸಿಲಿಲ್ಲ. ಬೋಂಡದವನೂ ಐಸ್‌ಕ್ಯಾಂಡಿಯವನೂ ಈಗ ದಿನ ಬಿಟ್ಟು ದಿನ ಗಾಡಿ ಹಾಕುತ್ತಾರೆ. ಎಲ್ಲಕ್ಕೂ ನನ್ನನ್ನೇ ಬೈಯುತ್ತಾರೆ, ನನ್ನ ಕೆಲಸ ಗಟ್ಟಿಯಾಗಿದೆ.

ಮೊನ್ನೆ ಒಂದು ಮಧ್ಯಾಹ್ನ ಕೆರೆಬದಿಗೆ ಹೋಗಿದ್ದೆ. ಮರುಳಮ್ಮ ಟೀಚರ ಮನೆಯಿಂದ ಬೀದಿಯ ತುದಿಯವರೆಗೂ ಮಾತು ಕೇಳಿಸುತ್ತಿತ್ತು. ಪಲ್ಯಕ್ಕೆ ತೆಂಗಿನಕಾಯಿ ಸಾಲದು ಎಂದು ಹಾಲಮ್ಮ, ಹಲ್ಲಿಲ್ಲದವರಿಗೆ ತೆಂಗಿನಕಾಯಿ ಯಾಕೆ ಎಂದು ಟೀಚರು. ಒಂದು ಲೋಟ ಉರುಳಿದ ಸದ್ದಾಯಿತು. ಗಿರಿಯಪ್ಪ ತನ್ನ ಹೊಸ ಗೋಡೆಗೆ ಒರಗಿ ಕೇಳುತ್ತಿದ್ದ, ಮುಖದಲ್ಲಿ ಚಿಂತೆಯಿರಲಿಲ್ಲ. ಟೀಚರು ಕೆಂಪಗಿನ ಮುಖ ಹೊತ್ತು ಜಗಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ಆಕಾಶ ನೋಡಿದರು. ಎಲ್ಲೂ ಒಂದು ತುಂಡು ಮೋಡವಿರಲಿಲ್ಲ.

“ಥೂ,” ಎಂದರು, “ಏನೂ ಆಗಲೇ ಇಲ್ಲ.”

“ಏನಾಗಬೇಕಿತ್ತು?” ಎಂದು ಒಳಗಿಂದ ಹಾಲಮ್ಮ ಕೂಗಿದರು. “ಒಳಗೆ ಬಾ, ಅರ್ಧಕ್ಕೇ ಬಿಟ್ಟು ಹೋದೆಯಲ್ಲ. ಈಗ ನನ್ನ ಸರದಿ.”